ವಾರಾನ್ನದಿಂದ ವಿದ್ಯಾಸಿರಿವರೆಗೆ

ಧಾರವಾಡಕ್ಕೆ ‘ವಿದ್ಯಾಕಾಶಿ’ ಎಂಬ ಹೆಸರು ಅಂಟಿಕೊಂಡು ಬಹುಕಾಲವಾಯಿತು. ಕರ್ನಾಟಕ ಕಾಲೇಜು, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹುಬ್ಬಳ್ಳಿಯ ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ, ೨೦೧೬ರಿಂದ ಐ.ಐ.ಟಿ. ಹೀಗೆ ಅವಳಿ ನಗರದ ವಿದ್ಯಾಸಂಸ್ಥೆಗಳ ಪಟ್ಟಿ ಬೆಳೆಯುತ್ತಲೇ ಇದೆ. ಇಲ್ಲಿ ಯಾರು ಓದಿದರು, ಯಾರು ಕಲಿಸಿದರು ಎಂಬುದನ್ನು ಅಭಿಮಾನದಿಂದ ಹೇಳುವವರಿಗೆ ಕೊರತೆಯಿಲ್ಲ. ಆದರೆ ನವಲಗುಂದ, ರೋಣ, ಸವದತ್ತಿ, ಹಾನಗಲ್ಲಗಳ ಕಡೆಯಿಂದ ಟ್ರಂಕು ಹೊತ್ತು ಬಂದ ಬಡವರ ಮನೆಯ ಹುಡುಗ ಆ ರಾತ್ರಿ ಎಲ್ಲಿ ಉಂಡ, ಎಲ್ಲಿ ಮಲಗಿದ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಈ ಊರಿನ ವಿದ್ಯೆಯ ಇತಿಹಾಸದ ಅರ್ಧ ಭಾಗ ಅಡಗಿರುವುದು ಆ ಪ್ರಶ್ನೆಯಲ್ಲೇ.

ಬಡ ವಿದ್ಯಾರ್ಥಿಯ ಕಷ್ಟ ಎಂದ ಕೂಡಲೇ ಕಾಲೇಜಿನ ಫೀ ನೆನಪಾಗುತ್ತದೆ. ಹಿಂದಿನ ಕಾಲದಲ್ಲಿ ಫೀಗೆ ಒಂದು ದಾರಿ ಇತ್ತು. ಮುಂಬೈ ಪ್ರಾಂತದ ಶಾಲೆ, ಕಾಲೇಜುಗಳಲ್ಲಿ ಬಡವರ ಮಕ್ಕಳಿಗೆ ಶುಲ್ಕ ಮಾಫಿ ದೊರೆಯುತ್ತಿತ್ತು. ಅದಕ್ಕೆ ‘ನಾದಾರಿ’ ಎಂದು ಹೆಸರು. ನಾದಾರ ಎಂದರೆ ಫಾರಸಿಯಲ್ಲಿ ಏನೂ ಇಲ್ಲದವನು. ಹೆಸರಿನಲ್ಲೇ ಇರುವ ಅವಮಾನವನ್ನು ನುಂಗಿಕೊಂಡರೆ ಫೀ ಉಳಿಯುತ್ತಿತ್ತು. ಆದರೆ ಫೀ ಮಾಫಿಯಾದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಊರು ಬಿಟ್ಟು ಬಂದ ಹುಡುಗನಿಗೆ ದಿನಕ್ಕೆ ಎರಡು ಹೊತ್ತಿನ ಊಟ, ತಲೆಯ ಮೇಲೊಂದು ಸೂರು, ರಾತ್ರಿ ಓದಲು ದೀಪ ಬೇಕು. ನಾಡಿನಲ್ಲಿ ವಿದ್ಯಾರ್ಥಿ ಸಹಾಯದ ವ್ಯವಸ್ಥೆಗಳು ಬೆಳೆದದ್ದು ಹೆಚ್ಚಾಗಿ ಈ ಮೂರರ ಸುತ್ತಲೇ.

<b>ಸಾಲೋಟಗಿಯ ಲೆಕ್ಕ</b>

ಇದಕ್ಕೆ ಒಂದು ಸಾವಿರ ವರ್ಷಕ್ಕೂ ಹಿಂದಿನ ಸಾಕ್ಷಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಸಾಲೋಟಗಿಯ ಶಾಸನ ಕ್ರಿ.ಶ. ೯೪೫ರದು. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಊರಿಗೆ ಅಂದು ಪಾವಿಟ್ಟಗೆ ಎಂದು ಹೆಸರು. ಅರಸನ ಮಂತ್ರಿ ನಾರಾಯಣ ಎಂಬವನು ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳು ಇರಲೆಂದು ೨೭ ಮನೆಗಳಿದ್ದವು. ಸಂಸ್ಥೆಯ ಖರ್ಚಿಗೆ ೫೦೦ ನಿವರ್ತನ ಭೂಮಿ, ದೀಪದ ಎಣ್ಣೆಗೆಂದೇ ಪ್ರತ್ಯೇಕವಾಗಿ ೧೨ ನಿವರ್ತನ, ಮುಖ್ಯ ಅಧ್ಯಾಪಕನಿಗೆ ೫೦ ನಿವರ್ತನ ಭೂಮಿ ಬಿಟ್ಟುಕೊಟ್ಟರು.

ಅರಸರು, ಮಂತ್ರಿಗಳು ಭೂಮಿ ದಾನ ಮಾಡಿದ ಶಾಸನಗಳು ನೂರಾರು ಇವೆ. ಸಾಲೋಟಗಿಯ ವಿಶೇಷ ಅದರ ಮುಂದಿನ ಏರ್ಪಾಡು. ಊರವರು ತಮ್ಮ ಮೇಲೆ ತಾವೇ ಒಂದು ವಂತಿಗೆ ಹಾಕಿಕೊಂಡರು. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯ ಶಾಲೆಗೆ ಸಲ್ಲಬೇಕು. ಮಳೆ ಬರಲಿ ಬಿಡಲಿ, ಊರಿನಲ್ಲಿ ಮದುವೆ ಮುಂಜಿಗಳು ನಿಲ್ಲುವುದಿಲ್ಲ. ಭೂಮಿಯ ಉತ್ಪನ್ನ ಕೈಕೊಟ್ಟ ವರ್ಷವೂ ಶಾಲೆಗೆ ಅಷ್ಟಿಷ್ಟು ಹಣ ಬರುವಂತೆ ಮಾಡಿದ ಈ ಉಪಾಯ ಯಾರದೋ ತಿಳಿಯದು, ಆದರೆ ಲೆಕ್ಕ ಬಲ್ಲವರದೇ ಇರಬೇಕು.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ೧೦೫೮ರ ಹೊತ್ತಿಗೆ ಇದ್ದ ಘಟಿಕಾಸ್ಥಾನ ಇನ್ನೂ ದೊಡ್ಡದು. ಅಲ್ಲಿ ವೇದ ಓದುವ ೨೦೦ ಮಂದಿ, ಶಾಸ್ತ್ರ ಓದುವ ೫೦ ಮಂದಿಗೆ ವ್ಯವಸ್ಥೆಯಿತ್ತು. ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಸರಸ್ವತಿ ಭಂಡಾರಿಗಳೂ ಇದ್ದರು.

ಇವುಗಳ ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಹೇಳಲೇಬೇಕು. ವೇದ ಶಾಸ್ತ್ರಗಳ ಶಾಲೆ ಎಂದ ಮೇಲೆ ಅಲ್ಲಿ ಉಂಡು ಓದಿದವರು ಒಂದೇ ವರ್ಣದವರು. ಅಗ್ರಹಾರದ ಹೊಲ ಉತ್ತವನ ಮಗನಿಗೆ ಆ ೨೭ ಮನೆಗಳಲ್ಲಿ ಜಾಗವಿರಲಿಲ್ಲ.

<b>ಏಳು ಮನೆ, ಏಳು ದಿನ</b>

ಅಗ್ರಹಾರಗಳ ವೈಭವ ಕಳೆದ ಮೇಲೂ ಉಳಿದುಬಂದದ್ದು ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದುವುದು. ಇಂಗ್ಲಿಷ್ ಶಾಲೆಗಳು ಬಂದ ಮೇಲೆ ಈ ಪದ್ಧತಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೈಸೂರು, ಬೆಂಗಳೂರು, ಧಾರವಾಡ, ಪುಣೆಗಳಂಥ ಊರುಗಳಿಗೆ ಹಳ್ಳಿಯ ಹುಡುಗರು ಓದಲು ಬಂದಂತೆಲ್ಲ ವಾರದ ಮನೆಗಳಿಗೆ ಬೇಡಿಕೆ ಏರಿತು. ಏಳು ಮನೆ ಸಿಕ್ಕವನು ಪುಣ್ಯವಂತ. ನಾಲ್ಕೋ ಐದೋ ಸಿಕ್ಕವನಿಗೆ ಉಳಿದ ದಿನಗಳು ಏಕಾದಶಿ.

ಖರ್ಚಿಲ್ಲದೆ, ಕಚೇರಿಯಿಲ್ಲದೆ, ಅರ್ಜಿಯಿಲ್ಲದೆ ನಡೆದ ಈ ವ್ಯವಸ್ಥೆ ಸಾವಿರಾರು ಮಂದಿಯನ್ನು ಪದವಿಯ ಬಾಗಿಲಿಗೆ ಮುಟ್ಟಿಸಿತು. ಅದಕ್ಕೆ ತೆತ್ತ ಬೆಲೆಯನ್ನು ಕನ್ನಡದ ಆತ್ಮಕಥೆಗಳು ಹೇಳುತ್ತವೆ. ಎಸ್.ಎಲ್. ಭೈರಪ್ಪನವರ ‘ಭಿತ್ತಿ’ಯಲ್ಲಿ ಹಸಿವು, ವಾರಾನ್ನಗಳ ದಿನಗಳ ಚಿತ್ರವಿದೆ. ಅದೇ ಭೈರಪ್ಪ ಓದು ಮುಗಿಸಿ ಅಧ್ಯಾಪಕರಾಗಿ ಮೊದಲು ಬಂದದ್ದು ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿಗೆ, ೧೯೫೮ರಲ್ಲಿ. ವಾರದ ಮನೆಯಲ್ಲಿ ಉಣ್ಣುವ ಹುಡುಗ ಮನೆಯವರ ಮುಖ ನೋಡಿ ಇನ್ನೊಂದು ತುತ್ತು ಕೇಳಬೇಕೋ ಬೇಡವೋ ಎಂದು ನಿರ್ಧರಿಸಬೇಕು. ಆ ಮನೆಯಲ್ಲಿ ಸೂತಕವಾದರೆ, ಯಜಮಾನನಿಗೆ ವರ್ಗವಾದರೆ ಆ ವಾರದ ಊಟ ಹೋಯಿತು. ಸಹಾಯವೆಲ್ಲ ಕೊಡುವವರ ಮನಸ್ಸಿನ ಮೇಲೆ ನಿಂತಿತ್ತು, ಪಡೆಯುವವನಿಗೆ ಹಕ್ಕು ಎಂಬುದಿರಲಿಲ್ಲ.

ಇನ್ನೊಂದು ದಾರಿ ಮನೆಪಾಠ. ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಒಂದು ಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡರು. ೧೮೮೧ರಲ್ಲಿ ಬಿ.ಎ. ಮುಗಿಸಿದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದಲೇ ಅವರು ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಲು ಸಾಧ್ಯವಾಯಿತು. ಆ ನೆರವು ಸಿಗದಿದ್ದರೆ ಕನ್ನಂಬಾಡಿಯ ಕಥೆ ಬೇರೆಯೇ ಆಗುತ್ತಿತ್ತು ಎಂದು ಊಹಿಸುವುದು ಅತಿಶಯೋಕ್ತಿಯೇನಲ್ಲ.

<b>ಪುಣೆ ದೂರ</b>

ಮೈಸೂರು ಸಂಸ್ಥಾನದ ಹುಡುಗನಿಗೆ ಅರಸರ ಸರ್ಕಾರವಿತ್ತು, ಹತ್ತಿರದಲ್ಲಿ ಕಾಲೇಜಿತ್ತು. ಮುಂಬೈ ಕರ್ನಾಟಕದ ಹುಡುಗನಿಗೆ ಎರಡೂ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಜಿಲ್ಲೆಗಳಲ್ಲಿ ೧೯೧೭ರವರೆಗೆ ಒಂದೂ ಕಾಲೇಜು ಇರಲಿಲ್ಲ. ಮೆಟ್ರಿಕ್ ಮುಗಿಸಿದವರು ಪುಣೆಯ ಡೆಕ್ಕನ್ ಕಾಲೇಜು, ಫರ್ಗ್ಯುಸನ್ ಕಾಲೇಜುಗಳಿಗೆ, ಇಲ್ಲವೇ ಮುಂಬೈಗೆ ಹೋಗಬೇಕು. ಭಾಷೆ ಬೇರೆ, ಊಟ ಬೇರೆ, ಪರಿಚಯದವರಿಲ್ಲ. ಅನುಕೂಲಸ್ಥರಲ್ಲೇ ಅನೇಕರು ಮಕ್ಕಳನ್ನು ಮೆಟ್ರಿಕ್ಕಿಗೇ ನಿಲ್ಲಿಸಿದರು. ಒಕ್ಕಲು ಮನೆತನಗಳ ಮಕ್ಕಳ ಮಾತಂತೂ ದೂರವೇ ಉಳಿಯಿತು.

ಈ ಕೊರತೆಯನ್ನು ತುಂಬಲು ೧೮೮೩ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡ ಇದರ ಹಿಂದಿನ ದೊಡ್ಡ ಹೆಸರುಗಳು. ಸಂಸ್ಥೆ ಶಾಲೆ ಕಟ್ಟುವುದಕ್ಕಿಂತ ಮೊದಲು ಹಣ ಕೂಡಿಸುವ ಕೆಲಸಕ್ಕೆ ಕೈಹಾಕಿತು. ಒಂದು ನಿಧಿ ಮಾಡಿ, ಅದರಿಂದ ಸಮಾಜದ ಹುಡುಗರಿಗೆ ವಿದ್ಯಾರ್ಥಿವೇತನ ಕೊಟ್ಟು ಓದಿಸುವುದು ಅದರ ಉದ್ದೇಶ. ಬೆಳಗಾವಿಯಲ್ಲಿ ೧೯೧೬ರ ನವೆಂಬರ್ ೧೩ರಂದು ‘ಸಪ್ತರ್ಷಿ’ಗಳೆಂದು ಹೆಸರಾದ ಏಳು ಜನ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆಯನ್ನು, ಒಂದು ಇಂಗ್ಲಿಷ್ ಶಾಲೆಯೊಂದಿಗೆ ಆರಂಭಿಸಿದರು. ಮುಂದೆ ಆ ಶಾಲೆಗೆ ಇಟ್ಟ ಹೆಸರು ಗಿಲಗಂಚಿ ಅರಟಾಳ ಹೈಸ್ಕೂಲು. ನಿಧಿ ಕಟ್ಟಿದವರ ಹೆಸರು ಶಾಲೆಯ ಹಲಗೆಯ ಮೇಲೆ ಹೀಗೆ ಉಳಿಯಿತು.

ಆದರೆ ನಿಧಿಗಳ ಮಾತು ಬಂದಾಗ ಶಿರಸಂಗಿ ಲಿಂಗರಾಜ ದೇಸಾಯಿ ಅವರಷ್ಟು ನೆನಪಾಗುವವರು ಉತ್ತರ ಕರ್ನಾಟಕದಲ್ಲಿ ಬೇರೆ ಇಲ್ಲ. ಶಿಗ್ಲಿಯಲ್ಲಿ ೧೮೬೧ರಲ್ಲಿ ಹುಟ್ಟಿ, ಸವದತ್ತಿ ಸೀಮೆಯ ಶಿರಸಂಗಿ ದೇಸಗತಿಗೆ ದತ್ತು ಬಂದವರು ಅವರು. ನವಲಗುಂದ ಶಿರಸಂಗಿ ದೇಸಗತಿಯ ಭೂಮಿಕಾಣಿ ವಿಸ್ತಾರವಾಗಿತ್ತು. ಧಾರವಾಡದಲ್ಲಿ ೧೯೦೪ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ಸೇರಿದ ಮೊದಲ ಅಖಿಲ ಭಾರತ ವೀರಶೈವ ಮಹಾಸಭೆಗೆ ಅವರೇ ಅಧ್ಯಕ್ಷರು. ಮಕ್ಕಳಿಲ್ಲದ ದೇಸಾಯರು ಮತ್ತೊಬ್ಬನನ್ನು ದತ್ತು ತೆಗೆದುಕೊಂಡು ದೇಸಗತಿ ಮುಂದುವರಿಸುವುದು ಆ ಕಾಲದ ರೂಢಿ. ಲಿಂಗರಾಜರು ಹಾಗೆ ಮಾಡಲಿಲ್ಲ. ೧೯೦೬ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿ ಸಮಾಜದ ಮಕ್ಕಳ ವಿದ್ಯೆಗೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟರು.

ಇಷ್ಟು ದೊಡ್ಡ ಆಸ್ತಿ ತಂಟೆಯಿಲ್ಲದೆ ಹುಡುಗರ ಕೈಸೇರುವುದು ಉಂಟೇ? ಮೃತ್ಯುಪತ್ರ ಕೋರ್ಟಿನ ಮೆಟ್ಟಿಲೇರಿತು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಟ್ರಸ್ಟು ನೆಲೆಗೊಂಡು ಅದರ ಉತ್ಪನ್ನದಿಂದ ಓದಿದವರು ವಕೀಲರು, ಡಾಕ್ಟರರು, ಪ್ರಾಧ್ಯಾಪಕರು ಆದರು. ಬೆಳಗಾವಿಯಲ್ಲಿ ೧೯೩೩ರಲ್ಲಿ ಕೆ.ಎಲ್.ಇ. ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು. ಜನ ಅವರನ್ನು ‘ತ್ಯಾಗವೀರ’ ಎಂದು ಕರೆದರು. ಆ ಬಿರುದನ್ನು ಒಪ್ಪುತ್ತಲೇ ಒಂದು ಮಾತನ್ನು ಗಮನಿಸಬೇಕು. ವ್ಯಾಜ್ಯ ನಡೆದ ವರ್ಷಗಳಲ್ಲಿ ಮೆಟ್ರಿಕ್ ಮುಗಿಸಿ ಕಾದವರಿಗೆ ಆ ಆಸ್ತಿಯಿಂದ ಬಿಡಿಗಾಸೂ ಬರಲಿಲ್ಲ. ಅವರು ಕಾಯುವ ವಯಸ್ಸು ಮುಗಿದಿತ್ತು.

ನಡುವೆ ಧಾರವಾಡಕ್ಕೆ ಕಾಲೇಜು ಬಂತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಜನರಿಂದ ಹಣ ಕೂಡಿಸಿ, ಸರ್ಕಾರದ ಬೆನ್ನುಹತ್ತಿ ೧೯೧೭ರಲ್ಲಿ ಕರ್ನಾಟಕ ಕಾಲೇಜನ್ನು ತಂದರು. ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡ ಕಾಲೇಜಿನದಾಯಿತು. ಪುಣೆಯ ರೈಲು ಖರ್ಚು, ಅಲ್ಲಿಯ ಖಾನಾವಳಿಯ ಖರ್ಚು ಉಳಿದದ್ದೇ ಈ ಭಾಗದ ಹುಡುಗರಿಗೆ ಸಿಕ್ಕ ಅತಿ ದೊಡ್ಡ ವಿದ್ಯಾರ್ಥಿವೇತನ ಎನ್ನಬಹುದು.

<b>ಮಠದ ಪಂಕ್ತಿ, ಊರ ಬುತ್ತಿ</b>

ಕಾಲೇಜು ಬಂದ ಬೆನ್ನಿಗೇ ಊಟದ ಪ್ರಶ್ನೆ ಧಾರವಾಡಕ್ಕೇ ಬಂತು. ಅದಕ್ಕೆ ಉತ್ತರ ಕೊಟ್ಟವರಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಮುಖ್ಯರು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಹಳ್ಳಿಯ ಹುಡುಗರು ಇದ್ದು, ಉಂಡು, ಕಾಲೇಜಿಗೆ ಹೋಗಿಬಂದರು. ಕವಿ ಚೆನ್ನವೀರ ಕಣವಿಯವರು ಮುರುಘಾಮಠದ ಆಶ್ರಯದಲ್ಲಿ ಓದಿದವರು. ಗದಗ ಸೀಮೆಯ ಹೊಂಬಳದಿಂದ ಬಂದ ಹುಡುಗನಿಗೆ ಧಾರವಾಡ ದಕ್ಕಿದ್ದು ಹೀಗೆ.

ಪ್ರಸಾದ ನಿಲಯಕ್ಕೂ ವಾರಾನ್ನಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ದಾಸೋಹದ ತತ್ವದಲ್ಲಿ ಬಡಿಸುವವನು ದಾಸ. ಉಣ್ಣುವವನು ಯಾರ ಬಾಗಿಲಲ್ಲೂ ನಿಲ್ಲುವುದಿಲ್ಲ. ನೂರು ಜನರ ಪಂಕ್ತಿಯಲ್ಲಿ ತಾನೂ ಒಬ್ಬನಾಗಿ ಕೂರುತ್ತಾನೆ. ಜೋಳಿಗೆ ಹಿಡಿಯುವ ಹೊಣೆ ಸ್ವಾಮಿಗಳದು. ಸುಗ್ಗಿಯಲ್ಲಿ ಹಳ್ಳಿಗಳಿಂದ ಜೋಳ, ಕಡಲೆ, ಬೆಲ್ಲ ಮಠಕ್ಕೆ ಬಂದು ಬೀಳುತ್ತಿತ್ತು. ತುಮಕೂರಿನ ಸಿದ್ಧಗಂಗೆ, ಮೈಸೂರಿನ ಸುತ್ತೂರು ಮಠಗಳ ನಿಲಯಗಳೂ ಇದೇ ಬಗೆಯವು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ೨೦೧೯ರಲ್ಲಿ ಲಿಂಗೈಕ್ಯರಾದಾಗ ಅಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದರು.

ಮಠ, ಬೋರ್ಡಿಂಗುಗಳಲ್ಲಿ ಜಾಗ ಸಿಗದವರು ನಾಲ್ಕಾರು ಜನ ಕೂಡಿ ಖೋಲಿ ಹಿಡಿದರು. ಅವರ ಊಟ ಊರ ಬಸ್ಸಿನಲ್ಲಿ ಬರುತ್ತಿತ್ತು. ತಾಯಿ ಬೆಳಗಿನ ಜಾವ ರೊಟ್ಟಿ ಬಡಿದು, ಶೇಂಗಾ ಚಟ್ನಿ, ಪಲ್ಯದ ಜೊತೆ ಬಟ್ಟೆಯಲ್ಲಿ ಕಟ್ಟಿ, ಧಾರವಾಡದ ಬಸ್ಸಿನ ಕಂಡಕ್ಟರನ ಕೈಗೆ ಕೊಡುವಳು. ಮಗ ಬಸ್ ನಿಲ್ದಾಣದಲ್ಲಿ ಕಾದು ಗಂಟು ಇಳಿಸಿಕೊಳ್ಳುವನು. ಖಡಕ್ ರೊಟ್ಟಿಯಾದರೆ ವಾರ ಕಳೆದರೂ ಕೆಡುವುದಿಲ್ಲ. ಯಾವ ಟ್ರಸ್ಟಿನ ವರದಿಯಲ್ಲೂ ದಾಖಲಾಗದ ಈ ಬುತ್ತಿಯ ಗಂಟುಗಳು ಎಷ್ಟು ಪದವಿಗಳನ್ನು ಹೊತ್ತವೋ ಲೆಕ್ಕವಿಟ್ಟವರಿಲ್ಲ. ಟಿಕೆಟ್ ಇಲ್ಲದೆ ಗಂಟನ್ನು ತಂದುಕೊಟ್ಟ ಕಂಡಕ್ಟರರಿಗೂ ಆ ಪುಣ್ಯದಲ್ಲಿ ಪಾಲಿದೆ.

<b>ಜಾತಿಗೊಂದು ಬಾಗಿಲು</b>

ಮಠ, ಸಂಘ, ಟ್ರಸ್ಟುಗಳ ಈ ಸಹಾಯಕ್ಕೆ ಒಂದು ಮಿತಿ ಇತ್ತು. ಅದು ಬಹುಮಟ್ಟಿಗೆ ಜಾತಿಯ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಇದಕ್ಕೆ ಕೊಡುವವರ ಸಂಕುಚಿತ ಮನಸ್ಸನ್ನೇ ದೂರಿದರೆ ಸಾಲದು. ಸಹಪಂಕ್ತಿ ಭೋಜನವೇ ಅಪಚಾರವೆನಿಸಿದ್ದ ಸಮಾಜದಲ್ಲಿ ಊಟದ ಮೂಲಕ ಮಾಡುವ ಸಹಾಯ ಜಾತಿವಾರು ಒಡೆಯುವುದು ಅನಿವಾರ್ಯವಾಗಿತ್ತು. ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಇದನ್ನು ಅರಿತೇ ಒಂದೊಂದು ಸಮುದಾಯಕ್ಕೆ ಒಂದೊಂದು ಬೋರ್ಡಿಂಗಿಗೆ ಪ್ರೋತ್ಸಾಹ ಕೊಟ್ಟರು. ೧೯೦೧ರಲ್ಲಿ ಮರಾಠಾ ಬೋರ್ಡಿಂಗು ಆರಂಭವಾಯಿತು. ಜೈನ, ಮುಸ್ಲಿಂ, ಲಿಂಗಾಯತ ಬೋರ್ಡಿಂಗುಗಳೂ ಎದ್ದವು. ಅಸ್ಪೃಶ್ಯರ ಮಕ್ಕಳಿಗೆ ೧೯೦೮ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗು ತೆರೆಯಿತು. ಕೊಲ್ಹಾಪುರದ ಈ ಗಾಳಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೂ ಬೀಸಿತು.

ಯಾವ ಬಾಗಿಲೂ ಇಲ್ಲದವರ ಕಥೆಯನ್ನು ಡಾ. ಬಿ.ಆರ್. ಅಂಬೇಡ್ಕರ್ ತಮ್ಮ ಜೀವನದಲ್ಲೇ ಅನುಭವಿಸಿದರು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ೧೯೧೩ರಲ್ಲಿ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಅಮೆರಿಕಕ್ಕೆ ಕಳಿಸಿದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡೆಯಲ್ಲಿ ಸೇವೆ ಮಾಡಬೇಕೆಂಬ ಕರಾರು ಬೇರೆ. ಕೊಲಂಬಿಯಾದ ಓದಿನ ನಂತರ ಲಂಡನ್ನಿಗೆ ಹೋದರು. ೧೯೧೭ರಲ್ಲಿ ವೇತನದ ಅವಧಿ ಮುಗಿಯಿತು, ಓದು ಮುಗಿದಿರಲಿಲ್ಲ. ಪುಸ್ತಕ ಕಟ್ಟಿಟ್ಟು ಭಾರತಕ್ಕೆ ಮರಳಬೇಕಾಯಿತು. ಮತ್ತೆ ಲಂಡನ್ನಿಗೆ ಹೋಗಲು ಆದದ್ದು ೧೯೨೦ರಲ್ಲಿ, ತಮ್ಮ ಉಳಿತಾಯ, ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಇಷ್ಟನ್ನೂ ಕೂಡಿಸಿಕೊಂಡ ಮೇಲೆ.

ಆ ಅನುಭವವಿದ್ದುದರಿಂದಲೇ ಇರಬೇಕು, ಸಾರ್ವಜನಿಕ ಜೀವನಕ್ಕೆ ಇಳಿದ ಅಂಬೇಡ್ಕರರು ವಿದ್ಯಾರ್ಥಿ ನಿಲಯಗಳಿಗೆ ಬಹಳ ಮಹತ್ವ ಕೊಟ್ಟರು. ೧೯೨೮ರಲ್ಲಿ ಶೋಷಿತ ವರ್ಗಗಳ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಪ್ರಯತ್ನದಿಂದ ಮುಂಬೈ ಪ್ರಾಂತದಲ್ಲಿ ತೆರೆದ ನಿಲಯಗಳಲ್ಲಿ ಧಾರವಾಡದ್ದೂ ಒಂದು. ವಿದ್ಯಾಕಾಶಿಯಲ್ಲಿ ದಲಿತ ಹುಡುಗನೊಬ್ಬ ಯಾರ ಕೃಪೆಗೂ ಕಾಯದೆ ಉಂಡು ಮಲಗಲು ಸಿಕ್ಕ ಜಾಗ ಅದು. ೧೯೪೨ರಲ್ಲಿ ವೈಸ್‌ರಾಯರ ಮಂಡಲಿಯ ಸದಸ್ಯರಾಗಿದ್ದಾಗ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ಅವರು ಸಲ್ಲಿಸಿದ ಮನವಿಯಲ್ಲಿ ಉನ್ನತ ಶಿಕ್ಷಣಕ್ಕೆ ಹಣದ ಬೇಡಿಕೆ ಮುಖ್ಯವಾಗಿತ್ತು. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಜಾರಿಯಾದದ್ದು ೧೯೪೪ರಲ್ಲಿ. ಕೊಡುವವರ ದಯೆ ಪಡೆಯುವವರ ಹಕ್ಕಾಗಿ ಬದಲಾದ ಗಳಿಗೆ ಇದು.

ಹೆಣ್ಣುಮಕ್ಕಳ ಮಾತು ಈವರೆಗೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ವಾರದ ಮನೆಗಳಿಗೆ ಹುಡುಗಿ ಹೋಗುವಂತಿಲ್ಲ, ಮಠದ ಪ್ರಸಾದ ನಿಲಯದಲ್ಲಿ ಇರುವಂತಿಲ್ಲ, ನಾಲ್ವರು ಕೂಡಿ ಖೋಲಿ ಹಿಡಿಯುವಂತೆಯೂ ಇಲ್ಲ. ಬಡತನದ ನೆರವೆಲ್ಲ ಗಂಡುಮಕ್ಕಳ ಲೆಕ್ಕದಲ್ಲೇ ರೂಪುಗೊಂಡಿತ್ತು. ಹುಬ್ಬಳ್ಳಿಯಲ್ಲಿ ೧೯೩೦ರ ದಶಕದಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ನಾಗಮ್ಮತಾಯಿ ದಂಪತಿಗಳು ಹರಿಜನ ಬಾಲಿಕೆಯರಿಗಾಗಿ ಆಶ್ರಮ ನಡೆಸಿದ್ದು ಈ ಹಿನ್ನೆಲೆಯಲ್ಲಿ ನಿಜಕ್ಕೂ ಧೈರ್ಯದ ಕೆಲಸ.

<b>ಸರ್ಕಾರ ಬಂತು, ಅರ್ಜಿ ಬಂತು</b>

ಕರ್ನಾಟಕ ವಿಶ್ವವಿದ್ಯಾಲಯ ೧೯೪೯ರಲ್ಲಿ ಮುಂಬೈಯಲ್ಲಿ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂತು. ೧೯೫೬ರಲ್ಲಿ ರಾಜ್ಯ ಒಂದಾಯಿತು. ದೇವರಾಜ ಅರಸು ಅವರ ಕಾಲದಲ್ಲಿ ಹಾವನೂರು ಆಯೋಗದ ವರದಿ ೧೯೭೫ರಲ್ಲಿ ಬಂದು, ಹಿಂದುಳಿದ ವರ್ಗಗಳಿಗೆಂದೇ ಇಲಾಖೆ, ವಿದ್ಯಾರ್ಥಿ ನಿಲಯಗಳು, ವೇತನಗಳು ವ್ಯವಸ್ಥಿತವಾದವು. ಮಠಗಳು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲನ್ನು ಸರ್ಕಾರ ಹೊತ್ತಿತು.

ನಿಲಯಗಳಲ್ಲಿ ಜಾಗ ಸಾಲದಾದಾಗ ೨೦೧೩ರಲ್ಲಿ ಬಂದದ್ದು ವಿದ್ಯಾಸಿರಿ. ಸರ್ಕಾರಿ ನಿಲಯದಲ್ಲಿ ಪ್ರವೇಶ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ, ವಸತಿಗೆಂದು ತಿಂಗಳಿಗೆ ೧,೫೦೦ ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡುವುದು ಅದರ ಮೂಲ ಸ್ವರೂಪ. ಹಳೆಯ ವಾರಾನ್ನಕ್ಕೆ ಸರ್ಕಾರ ಕೊಟ್ಟ ಹೊಸ ರೂಪ ಎನ್ನಲು ಅಡ್ಡಿಯಿಲ್ಲ, ಬಾಗಿಲಲ್ಲಿ ನಿಲ್ಲುವ ಸಂಕೋಚವೊಂದು ತಪ್ಪಿತು. ೨೦೨೧ರಲ್ಲಿ ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಆರಂಭವಾಯಿತು. ಅದರಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ ೫,೦೦೦, ಹುಡುಗಿಯರಿಗೆ ೫,೫೦೦ ರೂಪಾಯಿ ಗೊತ್ತಾಯಿತು. ಮೆಟ್ರಿಕ್ ನಂತರದ ಪರಿಶಿಷ್ಟ ಜಾತಿ ವೇತನದ ವೆಚ್ಚವನ್ನು ಕೇಂದ್ರ ೬೦, ರಾಜ್ಯ ೪೦ರ ಪ್ರಮಾಣದಲ್ಲಿ ಹೊರಬೇಕೆಂದು ೨೦೨೦ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ೨೦೨೩ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದಿನವೂ ಹಳ್ಳಿಯಿಂದ ಕಾಲೇಜಿಗೆ ಓಡಾಡುವ ಹುಡುಗಿಯರ ಬಸ್ ಖರ್ಚು ಉಳಿಯಿತು. ಇದನ್ನು ಯಾರೂ ವಿದ್ಯಾರ್ಥಿ ಸಹಾಯ ಎಂದು ಲೆಕ್ಕ ಹಾಕುವುದಿಲ್ಲ, ಆದರೆ ಹುಡುಗಿಯರ ಪಾಲಿಗೆ ಅದೂ ಅದೇ.

ಇಷ್ಟೆಲ್ಲ ಇದ್ದೂ ಕೊರತೆ ಎಲ್ಲಿದೆ? ಹಣದ ಮೊತ್ತಕ್ಕಿಂತ ಹೆಚ್ಚಾಗಿ ಅದು ಬರುವ ವೇಳೆಯಲ್ಲಿದೆ. ವಾರಾನ್ನದಲ್ಲಿ ಅವಮಾನವಿತ್ತು, ಆದರೆ ಸೋಮವಾರದ ಊಟ ಸೋಮವಾರವೇ ಸಿಗುತ್ತಿತ್ತು. ಮಠಕ್ಕೆ ಬಂದ ಹುಡುಗ ಅದೇ ರಾತ್ರಿ ಪಂಕ್ತಿಯಲ್ಲಿ ಕೂರುತ್ತಿದ್ದ. ಇಂದಿನ ವೇತನಕ್ಕೆ ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಅದರ ಆರ್.ಡಿ. ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಕಾಲೇಜಿನ ದೃಢೀಕರಣ ಎಲ್ಲ ಬೇಕು. ಎಲ್ಲ ಸರಿಯಿದ್ದು ಅರ್ಜಿ ಮೇಲೆ ಹೋದರೂ ಹಣ ಪರೀಕ್ಷೆ ಮುಗಿದ ಮೇಲೆ ಖಾತೆಗೆ ಬಂದ ಉದಾಹರಣೆಗಳು ವಿರಳವಲ್ಲ. ಹಾಗೆ ಬಂದ ಹಣ ಹಳೆಯ ಸಾಲಕ್ಕೆ ಜಮಾ ಆಗುತ್ತದೆ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮ. ರಾಜ್ಯದಲ್ಲಿ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ತಾರಿಹಾಳದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ತಂದೆಯ ಕೆಲಸ ಈ ಜನವರಿಯಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ. ಮಗಳ ಕೈಯಲ್ಲಿರುವ ಕಾಗದ ಹೇಳುವುದು ಎರಡು ವರ್ಷದ ಹಿಂದಿನ ಆದಾಯವನ್ನು. ಅರ್ಜಿ ಹಾಕುವ ಕೊನೆಯ ದಿನವೂ ಕಳೆದಿದೆ. ನಮ್ಮ ಯೋಜನೆಗಳೆಲ್ಲ ನಿತ್ಯದ ಬಡತನವನ್ನು ಗುರುತಿಸುತ್ತವೆ. ನಡುವರ್ಷದಲ್ಲಿ ಬಂದೆರಗುವ ಕಷ್ಟ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಆಗ ನೆರವಿಗೆ ಬರುವವರು ಕಾಲೇಜಿನ ಯಾರೋ ಮೇಷ್ಟ್ರು, ಕಿಸೆಯಿಂದ ಪರೀಕ್ಷಾ ಶುಲ್ಕ ಕಟ್ಟುವವರು. ಅಂಥವರು ಪ್ರತಿ ಕಾಲೇಜಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ವ್ಯವಸ್ಥೆಯೊಂದು ಅವರ ಕಿಸೆಯನ್ನು ನಂಬಿ ನಡೆಯುವುದು ನ್ಯಾಯವಲ್ಲ.

<b>ಪೆಟ್ಟಿಗೆ ಮತ್ತು ಗಡಿಯಾರ</b>

ಹಠಾತ್ ಕಷ್ಟಕ್ಕೆಂದೇ ಬೇರೆ ಏರ್ಪಾಡು ಬೇಕೆಂಬ ವಿಚಾರ ಹೊಸದೇನಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ೧೨೪೦ರಲ್ಲೇ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಒಂದು ಹಣದ ಪೆಟ್ಟಿಗೆಯನ್ನು ಏರ್ಪಡಿಸಿದ. ಸಂತ ಫ್ರೈಡ್‌ಸ್ವೈಡ್‌ಳ ಹೆಸರಿನ ಆ ಪೆಟ್ಟಿಗೆಯಿಂದ ಬಡ ವಿದ್ಯಾರ್ಥಿ ಬಡ್ಡಿಯಿಲ್ಲದೆ ಸಾಲ ಪಡೆಯಬಹುದಿತ್ತು. ಬದಲಿಗೆ ತನ್ನ ಪುಸ್ತಕವನ್ನೋ ಬೇರೆ ವಸ್ತುವನ್ನೋ ಒತ್ತೆ ಇಡಬೇಕು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಕೈಬರಹದ ಪುಸ್ತಕ ಚಿನ್ನದಷ್ಟೇ ಬೆಲೆಬಾಳುವ ಅಡವು. ಓದಲು ಹಣ ಬೇಕು, ಹಣಕ್ಕೆ ಪುಸ್ತಕ ಕೊಡಬೇಕು ಎಂಬ ವಿಚಿತ್ರ ಪರಿಸ್ಥಿತಿ ಹೌದು, ಆದರೆ ಹಣ ಅಂದೇ ಕೈಗೆ ಬರುತ್ತಿತ್ತು.

ಅದೇ ಬ್ರಿಟನ್ನಿನಲ್ಲಿ ೧೯೯೦ರಲ್ಲಿ ಸರ್ಕಾರ ವಿದ್ಯಾರ್ಥಿ ಸಾಲದ ಪದ್ಧತಿ ತಂದಾಗ ಜೊತೆಗೇ ಒಂದು ತುರ್ತು ನೆರವಿನ ನಿಧಿಯನ್ನೂ ತಂದಿತು. ಹಣ ಸರ್ಕಾರದ್ದು, ಕೊಡುವ ತೀರ್ಮಾನ ಆಯಾ ವಿಶ್ವವಿದ್ಯಾಲಯದ್ದು. ಹೆಸರು, ನಿಯಮಗಳು ಹಲವು ಸಲ ಬದಲಾದರೂ ಕಷ್ಟದಲ್ಲಿರುವ ವಿದ್ಯಾರ್ಥಿಯ ಅರ್ಜಿಯನ್ನು ಆತ ಓದುವ ಕಡೆಯೇ ನೋಡಿ ತೀರ್ಮಾನಿಸುವ ರೂಢಿ ಅಲ್ಲಿಯ ವಿಶ್ವವಿದ್ಯಾಲಯಗಳಲ್ಲಿ ನಿಂತಿತು. ನಮ್ಮಲ್ಲಿ ಬ್ಯಾಂಕ್ ಸಾಲದ ದಾರಿ ವಿಸ್ತಾರವಾಗಿದೆ. ೨೦೨೪ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆ ಆಧಾರವಿಲ್ಲದ ಸಾಲವನ್ನು ಸುಲಭಗೊಳಿಸುವ ಉದ್ದೇಶದ್ದು. ಆದರೆ ಮುಂದಿನ ತಿಂಗಳ ಮೆಸ್ ಬಿಲ್ಲಿಗಾಗಿ ಬ್ಯಾಂಕ್ ಸಾಲಕ್ಕೆ ಅಲೆಯಲು ಆಗುವುದಿಲ್ಲ.

ವೇಳೆ ತಪ್ಪಿದರೆ ಏನಾಗುತ್ತದೆ ಎಂಬುದು ೨೦೨೪ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಉತ್ತರ ಪ್ರದೇಶದ ದಲಿತ ಕುಟುಂಬದ ಹುಡುಗನಿಗೆ ಧನಬಾದ್ ಐ.ಐ.ಟಿ.ಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ತಂದೆ ದಿನಗೂಲಿ, ದಿನಕ್ಕೆ ೪೫೦ ರೂಪಾಯಿ ದುಡಿಮೆ. ಸೀಟು ಉಳಿಸಿಕೊಳ್ಳಲು ಕಟ್ಟಬೇಕಾದದ್ದು ೧೭,೫೦೦ ರೂಪಾಯಿ, ಜೂನ್ ೨೪ರ ಸಂಜೆ ಐದು ಗಂಟೆಯೊಳಗೆ. ಊರವರು ಕೈಕೂಡಿಸಿದರು. ಸಾಲೋಟಗಿಯಲ್ಲಿ ಮಾಡಿದಂತೆಯೇ ಇಲ್ಲಿಯೂ ಊರೇ ವಂತಿಗೆ ಎತ್ತಿತು. ಐದು ಗಂಟೆಗೆ ಕೆಲವೇ ನಿಮಿಷ ಇರುವಾಗ ಹಣ ಕೂಡಿತು. ಹುಡುಗ ಲಾಗಿನ್ ಆಗಿ ವಿವರಗಳನ್ನು ತುಂಬುವಷ್ಟರಲ್ಲಿ ಜಾಲತಾಣ ಮುಚ್ಚಿತು, ಸೀಟು ಹೋಯಿತು.

ಕುಟುಂಬ ಆಯೋಗಗಳಿಗೆ, ಹೈಕೋರ್ಟುಗಳಿಗೆ ಅಲೆದು ಕೊನೆಗೆ ದೆಹಲಿ ತಲುಪಿತು. ಮುಖ್ಯ ನ್ಯಾಯಮೂರ್ತಿಯಾಗಿದ್ದ ಡಿ.ವೈ. ಚಂದ್ರಚೂಡ್ ಅವರ ಪೀಠ ಸಂವಿಧಾನದ ೧೪೨ನೇ ವಿಧಿಯ ವಿಶೇಷಾಧಿಕಾರ ಬಳಸಿ, ಹೆಚ್ಚುವರಿ ಸೀಟು ಸೃಷ್ಟಿಸಿ ಆತನನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಆದೇಶ ಹೊರಬಿದ್ದದ್ದು ಸೆಪ್ಟೆಂಬರ್ ೩೦ರಂದು. ಐದು ಗಂಟೆ ಮೀರಿದ ಆ ಸಂಜೆಯಿಂದ ಲೆಕ್ಕ ಹಾಕಿದರೆ ೯೮ ದಿನ. ಆ ಹೊತ್ತಿಗೆ ಅವನ ಜೊತೆ ಸೀಟು ಪಡೆದವರ ತರಗತಿಗಳು ಆರಂಭವಾಗಿ ವಾರಗಳೇ ಕಳೆದಿದ್ದವು.